ರಸ್ತೆಬದಿಯ ಬಹುವಚನ

ಮಗ ಬೈಕಿನ ಕೀ ಹಿಡಿದು ಹೊರಟನೆಂದರೆ ತಾಯಂದಿರಾದ ನಾವು ಹೇಳುವ ಮಾತು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ನಿಧಾನವಾಗಿ ಹೋಗು, ಹೆಲ್ಮೆಟ್ ಹಾಕಿಕೋ, ಲಾರಿಯ ಪಕ್ಕದಲ್ಲಿ ನುಗ್ಗಬೇಡ, ತಲುಪಿದ ಕೂಡಲೇ ಫೋನ್ ಮಾಡು. ಇಷ್ಟು ಹೇಳಿ, ಅವನು ಬೀದಿಯ ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತು, ಒಳಗೆ ಬಂದು ಒಲೆಯ ಮೇಲಿನ ಹಾಲು ನೋಡುತ್ತೇವೆ. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ ಏನು ಮಾಡಬೇಕು, ಮೊದಲ ಮಾತು ಹೇಗಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಮಕ್ಕಳು ರಸ್ತೆಯಲ್ಲಿಯೇ ಕಲಿಯಲಿ ಎಂದು ಬಿಟ್ಟುಬಿಟ್ಟಿದ್ದೇವೆ. ರಸ್ತೆಯಲ್ಲಿ ಕಲಿಯುವ ಪಾಠಕ್ಕೆ ಕಟ್ಟಬೇಕಾದ ಫೀಸು ಕೆಲವೊಮ್ಮೆ ಬಹಳ ದುಬಾರಿ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಯಾವ ವಿಷಯವೇ ಆಗಲಿ, ಅದರ ಹಿಂದಿನದನ್ನು ಕೆದಕಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಖಾಕಿ ತೊಟ್ಟ ಒಬ್ಬರು ಕೈ ಅಡ್ಡ ಹಿಡಿಯುತ್ತಾರೆ, ಬೈಕಿನ ಮೇಲಿನವರು ಬ್ರೇಕು ಒತ್ತಿ ನಿಲ್ಲುತ್ತಾರೆ. ನೋಡಲು ಎರಡು ನಿಮಿಷದ ವ್ಯವಹಾರ. ಆದರೆ ಅದರ ಬೆನ್ನಿಗೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಬಲ್ಲವರಿಗೆ ಆ ಎರಡು ನಿಮಿಷ ಸ್ವಲ್ಪ ಹಗುರವಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಪ್ರಾಯದವರ ನೆನಪಿನಲ್ಲಿ ಈ ಕಥೆ ಶುರುವಾಗುವುದು ಸೈಕಲ್ಲಿನಿಂದ. 1970ರ ದಶಕದಲ್ಲಿ ನಮ್ಮಂಥ ಊರುಗಳಲ್ಲಿ ಗಂಡಸರ ವಾಹನವೆಂದರೆ ಸೈಕಲ್ಲೇ. ಕತ್ತಲಾದ ಮೇಲೆ ದೀಪವಿಲ್ಲದೆ ಹೋಗುವಂತಿಲ್ಲ, ಡಬಲ್ ರೈಡಿಂಗ್ ಮಾಡುವಂತಿಲ್ಲ. ದೂರದಲ್ಲಿ ಪೇದೆಯ ಟೊಪ್ಪಿ ಕಂಡರೆ ಸಾಕು, ಕ್ಯಾರಿಯರ್ ಮೇಲೆ ಕೂತಿದ್ದವರು ಟಪ್ಪನೆ ಹಾರಿ, ತಾವು ಮೊದಲಿನಿಂದಲೂ ನಡೆದೇ ಬರುತ್ತಿದ್ದೆವೆಂಬಂತೆ ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದರು. ಸಿಕ್ಕಿಬಿದ್ದರೆ ಎರಡೂ ಚಕ್ರದ ಗಾಳಿ ಬಿಟ್ಟು ಕಳಿಸುವುದು ವಾಡಿಕೆ. ಅದಕ್ಕೆ ಕಲಮೂ ಇಲ್ಲ, ರಸೀದಿಯೂ ಇಲ್ಲ. ಮನೆಯವರೆಗೆ ಸೈಕಲ್ ತಳ್ಳಿಕೊಂಡು ಹೋಗಬೇಕು, ದಾರಿಯುದ್ದಕ್ಕೂ ಕಂಡವರಿಗೆಲ್ಲ ಕಾರಣ ಹೇಳಬೇಕು. ದಂಡಕ್ಕಿಂತ ಆ ಮೆರವಣಿಗೆಯೇ ಶಿಕ್ಷೆ. ಇನ್ನು ಮಾತು? ಸೈಕಲ್ ತುಳಿಯುವವನನ್ನು ಪೊಲೀಸರು ಬಹುವಚನದಲ್ಲಿ ಮಾತಾಡಿಸಿದ್ದನ್ನು ನಾನು ಬಾಲ್ಯದಲ್ಲಿ ಕಂಡದ್ದಿಲ್ಲ. ಪ್ರಾಯ ಇಪ್ಪತ್ತಿರಲಿ, ಅರವತ್ತಿರಲಿ, ಎಲ್ಲರೂ 'ಏಯ್', ಎಲ್ಲರೂ 'ನಿಲ್ಸೋ'. ಅದು ನಮಗೆ ವಿಚಿತ್ರವಾಗಿಯೂ ಕಾಣುತ್ತಿರಲಿಲ್ಲ. ಬಿಸಿಲಿಗೆ ಬಿಸಿ ಇರುವ ಹಾಗೆ ಪೊಲೀಸರಿಗೆ ಏಕವಚನ ಎಂದುಕೊಂಡಿದ್ದೆವು.

ಆ ಏಕವಚನ ಹುಟ್ಟುಗುಣವಲ್ಲ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಪೊಲೀಸ್ ವ್ಯವಸ್ಥೆಯ ಚರಿತ್ರೆ ಓದಿದಾಗ. ಇವತ್ತಿನ ರೀತಿಯ ಪೊಲೀಸ್ ಪಡೆಯನ್ನು ಲಂಡನ್ ನಗರದಲ್ಲಿ ಕಟ್ಟಿದ್ದು 1829ರಲ್ಲಿ, ಆಗಿನ ಗೃಹ ಮಂತ್ರಿ ರಾಬರ್ಟ್ ಪೀಲ್ ಅವರ ಕಾಲದಲ್ಲಿ. ಊರಿನ ಜನಕ್ಕೆ ಈ ಹೊಸ ಪಡೆಯ ಮೇಲೆ ನಂಬಿಕೆಯೇ ಇರಲಿಲ್ಲ. ನಮ್ಮ ಬೀದಿಯಲ್ಲಿ ನಮ್ಮನ್ನೇ ಕಾಯಲು ಸಮವಸ್ತ್ರದವರೇ ಎಂದು ಗೊಣಗುತ್ತಿದ್ದರು. ಆದ್ದರಿಂದ ಪೇದೆಗಳಿಗೆ ಕೊಟ್ಟ ಮೊದಲ ಸೂಚನೆಗಳಲ್ಲಿಯೇ ನಡತೆಯ ಪಾಠ ಬರೆದಿತ್ತು. ಯಾವ ದರ್ಜೆಯ ಮನುಷ್ಯನೇ ಇರಲಿ ಸೌಜನ್ಯದಿಂದ ಮಾತನಾಡಬೇಕು, ಎದುರಿನವನು ಏನೇ ಅಂದರೂ ತಾಳ್ಮೆ ಕಳೆದುಕೊಳ್ಳಬಾರದು, ಪೇದೆಯಾದವನಿಗೆ ಸಿಟ್ಟಿನ ಮೇಲಿನ ಹಿಡಿತಕ್ಕಿಂತ ಅಗತ್ಯವಾದ ಗುಣ ಇನ್ನೊಂದಿಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ರಸ್ತೆಯಲ್ಲಿ ಗೌರವದಿಂದಿರಬೇಕು ಎಂಬ ಮಾತನ್ನು ನಾವು ಯಾವಾಗಲೂ ನಿಲ್ಲುವವರಿಗೆ ಹೇಳುತ್ತೇವೆ. ಆದರೆ ಅದನ್ನು ಮೊದಲು ಬರೆದಿಟ್ಟದ್ದು ನಿಲ್ಲಿಸುವವರಿಗಾಗಿ.

ಹಾಗಾದರೆ ನಮ್ಮಲ್ಲಿಗೆ ಬರುವಾಗ ಆ ಪಾಠ ಎಲ್ಲಿ ಕಳೆದುಹೋಯಿತು? ಇಂಗ್ಲಿಷರು ಭಾರತಕ್ಕೆ ತಂದದ್ದು ಲಂಡನ್ನಿನ ಮಾದರಿಯನ್ನಲ್ಲ, ಐರ್ಲೆಂಡಿನದನ್ನು. ಐರ್ಲೆಂಡಿನ ಪಡೆ ತಿರುಗಿಬೀಳಬಹುದಾದ ಜನರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದ್ದು, ಅರ್ಧ ಸೈನ್ಯದಂತಿದ್ದದ್ದು. ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದುಕೊಂಡಾಗ ಆ ಮಾದರಿಯನ್ನು ಅಲ್ಲಿ ತಂದರು. 1857ರ ದಂಗೆಯ ನಂತರ 1861ರಲ್ಲಿ ಪೊಲೀಸ್ ಕಾಯಿದೆ ಬಂತು. ಅದರ 34ನೇ ಕಲಮಿನಲ್ಲಿ ರಸ್ತೆಯ ಅಪರಾಧಗಳ ಪಟ್ಟಿಯೇ ಇದೆ. ಬೀದಿಯಲ್ಲಿ ದನಗಳನ್ನು ಯದ್ವಾತದ್ವಾ ಓಡಿಸುವುದು, ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದು, ಕಸ ಎಸೆಯುವುದು ಇಂಥವು. ದಂಡ 50 ರೂಪಾಯಿಯವರೆಗೆ, ಇಲ್ಲವೇ ಎಂಟು ದಿನಗಳವರೆಗೆ ಸೆರೆ. ಎತ್ತಿನ ಗಾಡಿಯವನಿಗೆ ಆ ಕಾಲದ 50 ರೂಪಾಯಿ ಎಂದರೆ ಎಷ್ಟೆಂದು ನೀವೇ ಊಹಿಸಿಕೊಳ್ಳಿ. 1902ರಲ್ಲಿ ಸರ್ಕಾರವೇ ನೇಮಿಸಿದ ಪೊಲೀಸ್ ಆಯೋಗ, ಆಂಡ್ರ್ಯೂ ಫ್ರೇಸರ್ ಎಂಬವರ ಅಧ್ಯಕ್ಷತೆಯಲ್ಲಿ ಊರೂರು ವಿಚಾರಿಸಿ, ಪೊಲೀಸರು ದಬ್ಬಾಳಿಕೆ ಮಾಡುತ್ತಾರೆ, ಲಂಚ ತಿನ್ನುತ್ತಾರೆ, ಜನಕ್ಕೆ ಅವರ ಮೇಲೆ ವಿಶ್ವಾಸವಿಲ್ಲ ಎಂದು ಬರೆಯಿತು. ಅಂದರೆ ನಾವು ಬಾಲ್ಯದಲ್ಲಿ ಕೇಳಿದ ಆ 'ಏಯ್' ನಮ್ಮೂರಿನ ಪೇದೆಯ ಸ್ವಂತ ಆಸ್ತಿಯಾಗಿರಲಿಲ್ಲ. ಆಳುವವರು ಆಳಿಸಿಕೊಳ್ಳುವವರನ್ನು ಕರೆಯುತ್ತಿದ್ದ ದನಿ ಅದು. ಆಳುವವರು 1947ರಲ್ಲಿ ಹಡಗು ಹತ್ತಿದರು, ದನಿ ಇಲ್ಲಿಯೇ ಉಳಿಯಿತು.

ಈ ನಡುವೆ ಮೋಟಾರು ಬಂತು. ಇಡೀ ದೇಶಕ್ಕೆ ಅನ್ವಯವಾಗುವ ಮೊದಲ ಮೋಟಾರು ವಾಹನ ಕಾಯಿದೆ 1914ರದು, ಅದರ ನಂತರ 1939ರದು, ಈಗಿನದು 1988ರದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮೋಟಾರ್ ಸೈಕಲ್ ಇದ್ದವರೆಂದರೆ ಊರಿಗೆ ನಾಲ್ಕು ಜನ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಶುರುವಾಯಿತು. 1960ರ ದಶಕದ ಆರಂಭದಲ್ಲಿ ನಮ್ಮ ಮೈಸೂರಿನಲ್ಲಿಯೇ ಐಡಿಯಲ್ ಜಾವಾ ಬಂತು. ಅದರ ಎಜ್ಡಿ ಬೈಕಿನ ಸದ್ದು ಕೇಳಿಯೇ ಯಾರು ಬಂದರೆಂದು ಹೇಳುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಬುಲೆಟ್ಟಿನ ಮೇಲೆ ಬರುತ್ತಿದ್ದವರು ಡಾಕ್ಟರೋ, ಎಸ್ಟೇಟಿನವರೋ, ಗುತ್ತಿಗೆದಾರರೋ ಆಗಿರುತ್ತಿದ್ದರು. ಅವರನ್ನು ಪೇದೆ ನಿಲ್ಲಿಸುವುದಿರಲಿ, ಕಂಡರೆ ಸಲಾಮು ಹೊಡೆಯುತ್ತಿದ್ದ. ಸೈಕಲ್ಲಿಗೆ ಏಕವಚನ, ಬುಲೆಟ್ಟಿಗೆ ಬಹುವಚನ. ವ್ಯಾಕರಣ ಮನುಷ್ಯನನ್ನು ನೋಡುತ್ತಿರಲಿಲ್ಲ, ವಾಹನ ನೋಡುತ್ತಿತ್ತು.

ಆಮೇಲೆ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು, 1985ರಲ್ಲಿ ಹೀರೋ ಹೋಂಡಾ ಬಂತು. ಗುಮಾಸ್ತರು, ಹಾಲಿನವರು, ಮೇಷ್ಟ್ರುಗಳು, ರೈತರು ಎಲ್ಲರೂ ಗಾಡಿ ಕೊಂಡರು. ನಾವು ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಮೊದಲು ಹಿಂದಿನ ಸೀಟಿಗೆ, ಆಮೇಲೆ ಧೈರ್ಯ ಮಾಡಿ ಮುಂದಿನ ಸೀಟಿಗೆ ಬಂದೆವು. ಮೋಟಾರ್ ಸೈಕಲ್ ಊರಿಗೆಲ್ಲ ಸಿಕ್ಕ ಮೇಲೆ ಅದರ ಬಹುವಚನ ಹೊರಟುಹೋಯಿತು. ಸೈಕಲ್ಲಿನವರಿಗಿದ್ದ 'ಏಯ್' ಬೈಕಿನವರಿಗೆ ಬಂತು. ಕಾರಿನವರು ಬುಲೆಟ್ಟಿನವರ ಜಾಗದಲ್ಲಿ ಕೂತರು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಬಂಧುಗಳ ಮನೆಯ ಮದುವೆಗೆಂದು ನಾವಿಬ್ಬರೂ ಬೈಕಿನಲ್ಲಿ ಹೊರಟಿದ್ದೆವು. ಊರ ಹೊರಗೆ ಹುಣಸೆ ಮರದ ನೆರಳಿನಲ್ಲಿ ತಪಾಸಣೆ ನಡೆಯುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗ, ಹೊಸ ಖಾಕಿ.

"ಏಯ್, ಸೈಡಿಗ್ ಹಾಕು. ಡಿಎಲ್ ತೆಗಿ" ಅಂದ.

ನನ್ನ ಯಜಮಾನರಿಗೆ ಆಗ ನಲವತ್ತು ದಾಟಿತ್ತು. ನನಗೆ ಕಿವಿ ಬಿಸಿಯಾಯಿತು. ಇವರು ಬೈಕನ್ನು ಪಕ್ಕಕ್ಕೆ ತಂದು, ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟು, "ಒಳಜೇಬಿನಲ್ಲಿದೆ ಸಾರ್, ತೆಗೀತೀನಿ ಇರಿ" ಅಂದರು.

"ಎಲ್ಲಿಗೆ ಹೊರಟಿದೀಯ?"

"ಮದುವೆಗೆ ಸಾರ್. ಇದು ಡಿಎಲ್, ಇದು ಆರ್‌ಸಿ. ಇನ್ಶೂರೆನ್ಸ್ ಪೆಟ್ಟಿಗೆಯಲ್ಲಿದೆ, ಕೊಡ್ತೀನಿ, ನೋಡಿ."

ಆ ಹುಡುಗ ಕಾಗದಗಳನ್ನು ತಿರುವಿ ನೋಡಿದ. ಒಂದು ಸಲ ಇವರ ಮುಖ ನೋಡಿದ, ಒಂದು ಸಲ ನನ್ನ ಮುಖ ನೋಡಿದ. "ಇನ್ಶೂರೆನ್ಸು ಮುಂದಿನ ತಿಂಗಳು ಮುಗಿಯುತ್ತೆ, ಮರೀದೆ ಕಟ್ಟಿಬಿಡಿ. ಹೋಗಿ ಬನ್ನಿ" ಅಂದ. ಮೂರು ಮಾತಿನೊಳಗೆ ಏಕವಚನ ಬಹುವಚನವಾಗಿತ್ತು.

ದಾರಿಯಲ್ಲಿ ನಾನು, "ಅವನು ನಿಮ್ಮನ್ನ ಹಾಗೆ ಕರೆದರೂ ಸಾರ್ ಸಾರ್ ಅಂದಿರಲ್ಲ" ಎಂದು ಸಿಡುಕಿದೆ. ಇವರು, "ಅವನ ಬಾಯಿ ಅವನದು, ನನ್ನ ಬಾಯಿ ನನ್ನದು. ಅವನದು ನೋಡಿ ನನ್ನದು ಯಾಕೆ ಕೆಡಿಸಿಕೊಳ್ಳಲಿ?" ಅಂದರು. ಮನುಷ್ಯರನ್ನು ಕರೆಯುವ ರೀತಿಯಲ್ಲಿ ಎಷ್ಟೆಲ್ಲ ಅಡಗಿದೆ ಎಂದು ಬಸವಣ್ಣನವರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ್ದಾರೆ. ಆ ವಚನ ನಿಮಗೆಲ್ಲ ಬಾಯಿಪಾಠವಿರುವುದರಿಂದ ನಾನಿಲ್ಲಿ ಬರೆಯುವುದಿಲ್ಲ. ಇವರ ಮಾತಿನಿಂದ ನನಗೆ ಅರ್ಥವಾದದ್ದು ಇಷ್ಟು: ಎದುರಿನವರಿಗೆ ಕೊಡುವ ಬಹುವಚನ ನಮ್ಮ ಕೈಯಲ್ಲಿರುವ ವಸ್ತು. ಕೊಟ್ಟರೆ ಕಡಿಮೆಯಾಗುವುದಿಲ್ಲ. ಅದು ದೈನ್ಯವೂ ಅಲ್ಲ. ಕೈಕಟ್ಟಿ ಬೇಡುವುದು ಬೇರೆ, ಕಾಗದ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತು 'ನೋಡಿ ಸಾರ್' ಅನ್ನುವುದು ಬೇರೆ.

ನೆಟ್ಟಗೆ ನಿಲ್ಲಬೇಕಾದರೆ ಕಾನೂನು ಸ್ವಲ್ಪ ತಿಳಿದಿರಬೇಕು. 1988ರ ಕಾಯಿದೆಯ 130ನೇ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಸಮವಸ್ತ್ರ ಎಂಬ ಮಾತು ಕಾಯಿದೆಯಲ್ಲೇ ಇದೆ. 2018ರ ನವೆಂಬರಿನಲ್ಲಿ ನಿಯಮ ತಿದ್ದುಪಡಿಯಾದ ಮೇಲೆ ಡಿಜಿಲಾಕರ್‌ನಂಥ ಸರ್ಕಾರಿ ವ್ಯವಸ್ಥೆಯಲ್ಲಿರುವ ಕಾಗದಗಳನ್ನು ಫೋನಿನಲ್ಲಿ ತೋರಿಸಿದರೂ ಸಾಕು. ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡರೆ ಅದಕ್ಕೆ ಸ್ವೀಕೃತಿ ಪತ್ರ ಕೊಡಬೇಕು. ದಂಡ ಕಟ್ಟಿಸಿಕೊಂಡರೆ ರಸೀದಿ ಕೊಡಬೇಕು. ಸ್ಥಳದಲ್ಲಿಯೇ ದಂಡ ಹಾಕುವ ಅಧಿಕಾರ ಎಲ್ಲ ದರ್ಜೆಯವರಿಗೂ ಇಲ್ಲ. ಇದನ್ನೆಲ್ಲ ತಿಳಿದವರು "ರಸೀದಿ ಕೊಡಿ ಸಾರ್" ಎಂದು ಮೆಲ್ಲಗೆ ಕೇಳಬಲ್ಲರು. ತಿಳಿಯದವರು ಒಂದೋ ಹೆದರುತ್ತಾರೆ, ಇಲ್ಲವೇ ಕೂಗಾಡುತ್ತಾರೆ.

ಕೂಗಾಟದ ಬೆಲೆ ಎಷ್ಟೆಂದು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹುಡುಗ, ಜಾಣ, ಮೂಗಿನ ತುದಿಯಲ್ಲಿ ಸಿಟ್ಟು. ಹೆಲ್ಮೆಟ್ ಇಲ್ಲವೆಂದು ನಿಲ್ಲಿಸಿದ ಪೇದೆ ಬೈಕಿನ ಕೀ ಕಿತ್ತುಕೊಳ್ಳಲು ಕೈ ಹಾಕಿದರಂತೆ. ಇವನು ಆ ಕೈಯನ್ನು ತಳ್ಳಿದ. ಮಾತಿಗೆ ಮಾತು ಬೆಳೆಯಿತು, ಅಂಗಿ ಹರಿಯಿತು. ಕೆಲವು ನೂರು ರೂಪಾಯಿಯ ದಂಡದಲ್ಲಿ ಮುಗಿಯಬೇಕಾದದ್ದು ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿ ಬಲಪ್ರಯೋಗ ಮಾಡಿದ ಕೇಸಾಯಿತು. ಆಗ ಅದು ಭಾರತೀಯ ದಂಡ ಸಂಹಿತೆಯ 353ನೇ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 132ನೇ ಕಲಮು. ಎರಡು ವರ್ಷದವರೆಗೆ ಸೆರೆಮನೆ, ಜಾಮೀನು ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಅವನ ತಾಯಿ ಒಡವೆ ಅಡವಿಟ್ಟು ವಕೀಲರ ಫೀಸು ಕಟ್ಟಿದರು. ನೌಕರಿಯ ಪೊಲೀಸ್ ವೆರಿಫಿಕೇಶನ್ ಬಂದಾಗಲೆಲ್ಲ ಆ ಕೇಸು ಎದ್ದು ಕೂರುತ್ತಿತ್ತು. ಕೀ ಕಿತ್ತುಕೊಳ್ಳಲು ಕೈ ಹಾಕಿದ್ದು ಸರಿಯಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ಕೇಳಬೇಕಾದ ಜಾಗ ರಸ್ತೆ ಆಗಿರಲಿಲ್ಲ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆಯನ್ನು ನಾನು ಅದುವರೆಗೆ ವಿಸ್ತರಣೆಗೆಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಅಷ್ಟೇ.

ಕೇಳಬೇಕಾದ ಜಾಗ ಯಾವುದು ಎಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆ ಇದೆ. ಹೆಲ್ಮೆಟ್ಟನ್ನು ಕಾನೂನಿನೊಳಗೆ ತರುವ ತಿದ್ದುಪಡಿ 1977ರಲ್ಲಿ ಬಂದಿತ್ತು. ಹೈದರಾಬಾದಿನಲ್ಲಿ ನಿಯಮ ಜಾರಿಯಾದಾಗ ಒಬ್ಬರು, ತಲೆಯ ಮೇಲೆ ಏನು ಇಟ್ಟುಕೊಳ್ಳಬೇಕೆಂದು ಸರ್ಕಾರ ಹೇಳುವುದು ನಮ್ಮ ಸಂಚಾರ ಸ್ವಾತಂತ್ರ್ಯಕ್ಕೆ ಭಂಗ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1988ರಲ್ಲಿ ಕೋರ್ಟು, ಸವಾರನ ಜೀವ ಉಳಿಸುವ ನಿಯಮ ಸ್ವಾತಂತ್ರ್ಯಕ್ಕೆ ಭಂಗವಲ್ಲ ಎಂದು ತೀರ್ಪು ಕೊಟ್ಟಿತು. ಅವರು ಸೋತರು. ಆದರೂ ಅವರ ದಾರಿಯನ್ನು ನಾನು ಮಕ್ಕಳಿಗೆ ಮೆಚ್ಚಿ ಹೇಳುತ್ತೇನೆ. ನಿಯಮ ತಪ್ಪು ಎನಿಸಿದರೆ ಅದಕ್ಕೆ ಕೋರ್ಟಿದೆ, ಪೊಲೀಸರು ತಪ್ಪು ಮಾಡಿದರೆ ಮೇಲಧಿಕಾರಿಗೆ ದೂರು ಕೊಡುವುದಿದೆ. ಬಿಸಿಲಲ್ಲಿ ನಿಂತ ಪೇದೆಯ ಹತ್ತಿರ ಕಾನೂನು ಬದಲಿಸುವ ಅಧಿಕಾರ ಇರುವುದಿಲ್ಲ.

ಹೆಲ್ಮೆಟ್ ವಿಷಯದಲ್ಲಿ ಹೆಂಗಸರಿಗೆ ಸಿಕ್ಕ ಒಂದು ವಿಚಿತ್ರ ಮರ್ಯಾದೆಯನ್ನೂ ಹೇಳಬೇಕು. ದೆಹಲಿಯಲ್ಲಿ 1999ರಿಂದ ಹೆಂಗಸರಿಗೆ ಹೆಲ್ಮೆಟ್ ಕಡ್ಡಾಯವಿರಲಿಲ್ಲ, ಇಷ್ಟವಿದ್ದರೆ ಹಾಕಿಕೊಳ್ಳಬಹುದಿತ್ತು. ಸಿಖ್ ಹೆಂಗಸರನ್ನು ಬಿಟ್ಟು ಉಳಿದವರಿಗೆ ಅದು ಕಡ್ಡಾಯವಾದದ್ದು 2014ರಲ್ಲಿ. ಹದಿನೈದು ವರ್ಷ ಗಂಡನ ತಲೆಗೆ ರಕ್ಷಣೆ, ಹೆಂಡತಿಯ ತಲೆಗೆ ವಿನಾಯಿತಿ! ಕರ್ನಾಟಕದಲ್ಲಿ ಹಿಂಬದಿ ಸವಾರರ ಹೆಲ್ಮೆಟ್ ಕಡ್ಡಾಯವಾಗಿ ಜಾರಿಯಾದದ್ದು 2016ರ ಜನವರಿಯಲ್ಲಿ. ಮುಡಿದ ಹೂವು ನಲುಗುತ್ತದೆ, ತುರುಬು ಕೆಡುತ್ತದೆ ಎಂದು ನಾವೆಲ್ಲ ಗೊಣಗಿದೆವು. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಆ ಐವತ್ತು ಸಾವಿರದಲ್ಲಿ 14,337 ಮಂದಿ ಹಿಂದಿನ ಸೀಟಿನವರು. ಹಿಂದಿನ ಸೀಟಿನಲ್ಲಿ ಸಾಮಾನ್ಯವಾಗಿ ಯಾರು ಕೂರುತ್ತಾರೆಂದು ನಿಮಗೆ ಗೊತ್ತು. ನಿಲ್ಲಿಸಿ ದಂಡ ಹಾಕುವವರ ಮೇಲೆ ನನ್ನ ಸಿಟ್ಟು ಅರ್ಧ ಇಳಿದದ್ದು ಈ ಸಂಖ್ಯೆ ಓದಿದ ಮೇಲೆ.

ಅರ್ಧ ಎಂದೆ. ಪೂರ್ತಿ ಇಳಿಯದಿರಲು ಕಾರಣವಿದೆ. 2018ರ ಮಾರ್ಚ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿಯ ಹತ್ತಿರ ಹೆಲ್ಮೆಟ್ ತಪಾಸಣೆಯಲ್ಲಿ ನಿಲ್ಲಿಸದೆ ಹೋದ ದಂಪತಿಯನ್ನು ಇನ್ಸ್‌ಪೆಕ್ಟರೊಬ್ಬರು ಅಟ್ಟಿಸಿಕೊಂಡು ಹೋಗಿ ಬೈಕಿಗೆ ಒದ್ದರೆಂಬ ಆರೋಪ ಬಂತು. ಹಿಂದೆ ಕೂತಿದ್ದ ಹೆಂಡತಿ ಬಿದ್ದು ಸತ್ತರು. ಸಾವಿರಾರು ಜನ ರಸ್ತೆಗೆ ಕೂತರು, ಇನ್ಸ್‌ಪೆಕ್ಟರ್ ಬಂಧನವಾಯಿತು. 2025ರ ಮೇ ತಿಂಗಳಲ್ಲಿ ನಮ್ಮ ಮಂಡ್ಯದಲ್ಲಿ ನಡೆದದ್ದು ಇನ್ನೂ ಹಸಿಯಾಗಿದೆ. ನಾಯಿ ಕಚ್ಚಿದ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆ ತಾಯಿಯನ್ನು ತಪಾಸಣೆಗೆಂದು ತಡೆದಾಗ, ನಾಲ್ಕು ವರ್ಷವೂ ತುಂಬದ ಆ ಹೆಣ್ಣುಮಗು ರಸ್ತೆಗೆ ಬಿದ್ದು ಪ್ರಾಣ ಬಿಟ್ಟಿತು. ಮೂವರು ಎಎಸ್‌ಐಗಳು ಅಮಾನತಾದರು. ಬಳಿಕ ರಾಜ್ಯ ಪೊಲೀಸ್ ಮುಖ್ಯಸ್ಥರು, ವಾಹನಗಳಿಗೆ ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಹಿಂದೆ ಕೂತವರನ್ನು ಹಿಡಿದೆಳೆಯಬಾರದು ಎಂದು ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪು ಮಾಡದ ವಾಹನವನ್ನು ಬರೀ ಕಾಗದ ನೋಡಲೆಂದು ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ಇದು ಅನ್ವಯಿಸದು ಎಂದು 2022ರ ಜೂನ್‌ನಲ್ಲಿಯೇ ಆಗಿನ ಮುಖ್ಯಸ್ಥರು ಹೇಳಿದ್ದರು. ಆ ತಾಯಿ ಬೈಕಿನ ಮೇಲೆ ಮಗುವನ್ನು ಎದೆಗವಚಿ ಹಿಡಿದಿದ್ದ ದೃಶ್ಯವನ್ನು ನಾನು ಕಂಡಿಲ್ಲ, ಆದರೆ ಕಣ್ಣಿನಿಂದ ಹೋಗುವುದಿಲ್ಲ.

ಇಂಥ ಕಡೆ ಸವಾರರ ವಿನಯಕ್ಕೆ ಏನು ಬೆಲೆ ಎಂದು ನೀವು ಕೇಳಬಹುದು. ಈ ಪ್ರಶ್ನೆ ಬೇರೆ ದೇಶಗಳ ತಾಯಂದಿರನ್ನೂ ಕಾಡಿದೆ. ಅಮೆರಿಕದ ಮಯಾಮಿ ನಗರದಲ್ಲಿ 1979ರ ಡಿಸೆಂಬರಿನಲ್ಲಿ ಆರ್ಥರ್ ಮೆಕ್‌ಡಫಿ ಎಂಬ 33 ವರ್ಷದ ಕಪ್ಪು ವಿಮಾ ಏಜೆಂಟರನ್ನು, ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಪೊಲೀಸರು ಬೆನ್ನಟ್ಟಿ ಹಿಡಿದು, ಅವರು ನಿಂತ ಮೇಲೆ ಹೊಡೆದರು. ಅಪಘಾತದಲ್ಲಿ ಪೆಟ್ಟಾಯಿತೆಂದು ಸುಳ್ಳು ಬರೆದರು. ನಾಲ್ಕು ದಿನದ ಮೇಲೆ ಅವರು ತೀರಿಕೊಂಡರು. 1980ರ ಮೇ ತಿಂಗಳಲ್ಲಿ ಬಿಳಿಯರೇ ಇದ್ದ ಜ್ಯೂರಿ ಆರೋಪಿ ಪೊಲೀಸರನ್ನು ಖುಲಾಸೆ ಮಾಡಿದಾಗ ಊರಿಗೆ ಬೆಂಕಿ ಬಿತ್ತು, ಹದಿನೆಂಟು ಜನ ಸತ್ತರು. ಆ ದೇಶದ ಕಪ್ಪು ಜನರ ಮನೆಗಳಲ್ಲಿ ಮಕ್ಕಳು ಗಾಡಿ ಹತ್ತುವ ವಯಸ್ಸಿಗೆ ಬಂದೊಡನೆ ಕೂರಿಸಿಕೊಂಡು ಹೇಳುತ್ತಾರಂತೆ: ನಿಲ್ಲಿಸಿದರೆ ಕೈ ಕಾಣುವಂತಿಡು, ದಿಢೀರನೆ ಏನನ್ನೂ ತೆಗೆಯಬೇಡ, ಮಾತು ಮೃದುವಾಗಿರಲಿ, ಮನೆಗೆ ಜೀವಂತ ಬಾ, ಮಿಕ್ಕದ್ದು ಆಮೇಲೆ. ಹಾಗೆ ಹೇಳುವ ತಾಯಿಗೆ ವಿನಯವೊಂದೇ ಮಗನನ್ನು ಕಾಯುತ್ತದೆ ಎಂಬ ಭ್ರಮೆ ಇರುವುದಿಲ್ಲ. ತನ್ನ ಕೈಯಲ್ಲಿರುವುದನ್ನು ಕಲಿಸಿ ಕಳಿಸುತ್ತಾಳೆ. ತನ್ನ ಕೈಯಲ್ಲಿಲ್ಲದ್ದಕ್ಕೆ ಕಾನೂನಿನೊಡನೆ ಬೇರೆಯಾಗಿ ಜಗಳವಾಡುತ್ತಾಳೆ. ಎರಡೂ ಬೇಕು.

ಆ ಎರಡನೆಯ ಜಗಳ ನಮ್ಮಲ್ಲೂ ನಡೆದಿದೆ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ 1981ರವರೆಗೆ ಎಂಟು ವರದಿಗಳನ್ನು ಬರೆಯಿತು. ಅದರ ಅಧ್ಯಕ್ಷರು ಧರ್ಮವೀರ, ಹಿಂದೆ ನಮ್ಮ ಮೈಸೂರು ರಾಜ್ಯಕ್ಕೇ ರಾಜ್ಯಪಾಲರಾಗಿದ್ದವರು. 1985ರಲ್ಲಿ ಕೇಂದ್ರ ಗೃಹ ಇಲಾಖೆ ಕಳಿಸಿದ ಪೊಲೀಸ್ ನೀತಿಸಂಹಿತೆಯಲ್ಲಿ ಸೌಜನ್ಯ, ಸಭ್ಯತೆಗಳ ಮಾತು ಮತ್ತೆ ಬಂತು. 1829ರ ಲಂಡನ್ನಿನ ಪಾಠ ಐರ್ಲೆಂಡನ್ನು ಸುತ್ತಿ ನಮ್ಮಲ್ಲಿಗೆ ಬರಲು ನೂರೈವತ್ತು ವರ್ಷ ಹಿಡಿಯಿತೆಂದು ನಾನು ತಮಾಷೆಗೆ ಹೇಳುವುದುಂಟು. ಕಾಗದದಿಂದ ಬಾಯಿಗೆ ಬರಲು ಇನ್ನಷ್ಟು ಕಾಲ ಹಿಡಿಯುತ್ತಿದೆ. ಆದರೂ ಬರುತ್ತಿದೆ. ಈಚೆಗೆ ನಮ್ಮೂರಿನ ಸರ್ಕಲ್ಲಿನಲ್ಲಿ ನಿಲ್ಲುವ ಮಹಿಳಾ ಪೇದೆ, "ಅಣ್ಣಾ, ಹೆಲ್ಮೆಟ್ ಬಕಲ್ ಹಾಕ್ಕೊಳಿ" ಎಂದು ಕೂಗಿ ಹೇಳುವುದನ್ನು ದಿನವೂ ಕೇಳುತ್ತೇನೆ. ಡೀಸೆಲ್ ಹೊಗೆಯಲ್ಲಿ ಗಂಟೆಗಟ್ಟಲೆ ನಿಂತು, ನೀರು ಕುಡಿದರೆ ಶೌಚಕ್ಕೆ ಎಲ್ಲಿ ಹೋಗುವುದೆಂದು ನೀರನ್ನೇ ಕುಡಿಯದೆ ನಿಂತವಳ ಬಾಯಲ್ಲಿ ಆ 'ಅಣ್ಣಾ' ಬರುತ್ತದೆ ಎಂದರೆ ಅದು ಸಣ್ಣ ವಿಷಯವಲ್ಲ.

ಹತ್ತನೇ ತರಗತಿಯ ಮಕ್ಕಳಿಗೆ ನಾನು ವರ್ಷಕ್ಕೊಂದು ಪೀರಿಯಡ್ಡನ್ನು ಇದಕ್ಕಾಗಿಯೇ ಇಡುತ್ತೇನೆ. ಹದಿನೆಂಟು ತುಂಬದೆ, ಲೈಸೆನ್ಸ್ ಇಲ್ಲದೆ ಬೈಕು ಮುಟ್ಟಬಾರದು ಎಂಬುದು ಮೊದಲನೆಯ ಮಾತು. 2019ರ ತಿದ್ದುಪಡಿಯಂತೆ ಅಪ್ರಾಪ್ತ ಮಕ್ಕಳು ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. "ಅಪ್ಪ ಅಮ್ಮನ್ನ ಜೈಲಿಗೆ ಕಳಿಸ್ತೀರಾ?" ಎಂದು ಕೇಳಿದರೆ ತರಗತಿ ಗಪ್‌ಚಿಪ್. ಮಿಕ್ಕದ್ದು ಸುಲಭ. ಕೈ ಕಂಡೊಡನೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎಡಕ್ಕೆ ಬಂದು ನಿಲ್ಲಿ, ತಿರುಗಿಸಿಕೊಂಡು ಓಡಬೇಡಿ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಮುಖ ಕಾಣಿಸಿ, ಮುಖ ಕಂಡರೆ ಮನುಷ್ಯ ಕಾಣುತ್ತಾನೆ. ಯಾಕೆ ನಿಲ್ಲಿಸಿದ್ದೆಂದು ಕೇಳಿ, ಬಹುವಚನದಲ್ಲಿ ಕೇಳಿ. ತಪ್ಪಿದ್ದರೆ ದಂಡ ಕಟ್ಟಿ ರಸೀದಿ ಪಡೆಯಿರಿ. ನಮ್ಮಪ್ಪ ಯಾರು ಗೊತ್ತಾ ಎಂಬ ಮಾತು ಬಾಯಿಗೆ ಬರಕೂಡದು. ಅನ್ಯಾಯವಾಯಿತು ಎನಿಸಿದರೆ ಎದೆಯ ಮೇಲಿನ ಹೆಸರು, ಜಾಗ, ಸಮಯ ನೆನಪಿಟ್ಟುಕೊಂಡು ಮನೆಗೆ ಬನ್ನಿ. ಅರ್ಜಿ ಬರೆಯುವುದನ್ನು ಎಂಟನೇ ತರಗತಿಯಲ್ಲೇ ಕಲಿಸಿದ್ದೇವೆ.

ಈ ಪಾಠ ಮಾಡುವಾಗ ಬೆಂಚುಗಳನ್ನು ನೋಡುತ್ತೇನೆ. ಇವರಲ್ಲಿ ಬಹಳ ಜನ ನಾಳೆ ಬೈಕು ಓಡಿಸುತ್ತಾರೆ. ಒಬ್ಬಿಬ್ಬರು ಪೊಲೀಸ್ ಪೇದೆ ಪರೀಕ್ಷೆಗೆ ಅರ್ಜಿ ಹಾಕುತ್ತಾರೆ, ಪಾಸಾಗುತ್ತಾರೆ ಕೂಡ. ಆಮೇಲೆ ಯಾವುದೋ ಊರಿನ ಯಾವುದೋ ಹುಣಸೆ ಮರದ ಕೆಳಗೆ ಒಬ್ಬರು ಕೈ ಅಡ್ಡ ಹಿಡಿಯುತ್ತಾರೆ, ಇನ್ನೊಬ್ಬರು ಬ್ರೇಕು ಒತ್ತುತ್ತಾರೆ. ಇಬ್ಬರೂ ನಮ್ಮಂಥವರ ಕೈಯಲ್ಲಿ ಒಂದೇ ವ್ಯಾಕರಣ ಕಲಿತವರು. ಆದ್ದರಿಂದ ಬಹುವಚನದ ಪಾಠವನ್ನು ಈಗ ಎರಡೂ ಕಡೆಯ ಬೆಂಚುಗಳಿಗೆ ಮುಖ ಮಾಡಿ ಹೇಳುತ್ತೇನೆ. ಮನೆಯಲ್ಲಿ ನೀವೂ ಹಾಗೆಯೇ ಹೇಳಿ.